ಆಕ್ಸೊಲಾಟಲ್ ಮರಿಗಳು ಯಾಕೆ ಸಾಯುತ್ತಿವೆ? ಮೀನುಮರಿ ಸಾಕುವ ಲೆಕ್ಕ ಇಲ್ಲಿ ನಡೆಯುವುದಿಲ್ಲ

ಪ್ರಶ್ನೆ: ತುಮಕೂರಿನಲ್ಲಿ ನಮ್ಮದು ಎರಡನೇ ಮಹಡಿಯ ಮನೆ. ಒಂದೂವರೆ ವರ್ಷದ ಹಿಂದೆ ಬೆಂಗಳೂರಿನ ಅಕ್ವೇರಿಯಂ ಅಂಗಡಿಯೊಂದರಿಂದ ‘ವಾಕಿಂಗ್ ಫಿಶ್’ ಅಂತ ಎರಡು ಆಕ್ಸೊಲಾಟಲ್ ತಂದಿದ್ದೆ. ಫೆಬ್ರವರಿ ಕೊನೆಯಲ್ಲಿ ಒಂದು ಬೆಳಿಗ್ಗೆ ನೋಡಿದರೆ ಗಿಡದ ಮೇಲೆ, ಫಿಲ್ಟರ್ ಪೈಪಿನ ಮೇಲೆಲ್ಲ ಮೊಟ್ಟೆ. ಮುನ್ನೂರಕ್ಕೂ ಹೆಚ್ಚಿದ್ದವು. ಬಕೆಟ್ಟಿಗೆ ಹಾಕಿಟ್ಟೆ, ಹೆಚ್ಚಿನವು ಒಡೆದು ಮರಿಯಾದವು. ಅಂಗಡಿಯವರು ಹೇಳಿದಂತೆ ಬೇಯಿಸಿದ ಮೊಟ್ಟೆಯ ಹಳದಿಯನ್ನು ಬಟ್ಟೆಯಲ್ಲಿ ಹಿಂಡಿ ಹಾಕಿದೆ, ಮೀನಿನ ಪುಡಿ ಆಹಾರವನ್ನೂ ಹಾಕಿದೆ. ಆರನೇ ದಿನ ನೀರು ನಾತ ಹೊಡೆಯಿತು, ಒಂದೇ ರಾತ್ರಿಯಲ್ಲಿ ಅರವತ್ತು ಸತ್ತವು. ಆಮೇಲೆ ಸೊಳ್ಳೆಹುಳ ಹಾಕತೊಡಗಿದ ಮೇಲೆ ಸ್ವಲ್ಪ ಚೇತರಿಸಿಕೊಂಡವು. ಈಗ ಹದಿನೆಂಟು ದಿನ, ಸುಮಾರು ತೊಂಬತ್ತು ಉಳಿದಿವೆ. ಆದರೆ ದೊಡ್ಡವು ಚಿಕ್ಕವುಗಳ ಕಾಲು, ಬಾಲ ಕಚ್ಚಿ ತಿನ್ನುತ್ತಿವೆ. ಮಧ್ಯಾಹ್ನ ನೀರು 26 ಡಿಗ್ರಿಗೆ ಹೋಗುತ್ತದೆ, ಐಸ್ ಹಾಕುತ್ತಿದ್ದೇನೆ. ಒಬ್ಬರು ಉಪ್ಪು ಹಾಕಿ ಅಂದರು, ಇನ್ನೊಬ್ಬರು ಅಯೋಡಿನ್ ಹಾಕಿದರೆ ನೆಲದ ಮೇಲೆ ಓಡಾಡುವ ಪ್ರಾಣಿಯಾಗುತ್ತದೆ ಅಂದರು. ಬೋರ್‌ವೆಲ್ ನೀರು ಬಿಟ್ಟು ಆರ್‌ಒ ನೀರಿಗೆ ಹೋಗಬೇಕೆ? ಕಾಲು ಹೋದ ಮರಿಗಳು ಉಳಿಯುತ್ತವೆಯೇ?

ಉತ್ತರ: ಕಾಲು ಹೋದ ಮರಿಗಳ ಚಿಂತೆ ಬಿಡಿ, ಹೆಚ್ಚಿನವಕ್ಕೆ ಮತ್ತೆ ಬರುತ್ತದೆ. ಚಿಂತಿಸಬೇಕಾದದ್ದು ಬೇರೆ ಇದೆ. ನಿಮ್ಮ ಬಕೆಟ್ಟಿನಲ್ಲಿ ರೋಗ ಬಂದಿರಲಿಲ್ಲ. ಮರಿಗಳ ಸುತ್ತ ಆಹಾರ ತೇಲುತ್ತಿತ್ತು, ಅವು ಹಸಿದು ಸೊರಗಿದವು. ತಿನ್ನದೆ ಉಳಿದದ್ದು ಕೊಳೆತು ಉಳಿದ ಕೆಲಸ ಮುಗಿಸಿತು.

ಆಕ್ಸೊಲಾಟಲ್ ಮೀನಲ್ಲ. ಕಪ್ಪೆಯಂತೆ ಉಭಯವಾಸಿ, ಬಾಲವಿರುವ ಸಾಲಮಾಂಡರ್ ಬಳಗದ್ದು. ಮೆಕ್ಸಿಕೊ ನಗರದ ಅಂಚಿನ ಸೋಚಿಮಿಲ್ಕೊ ಕಾಲುವೆಗಳು ಅದರ ತವರು. ದಕ್ಷಿಣ ಭಾರತದಲ್ಲಿ ಕಾಡು ಸಾಲಮಾಂಡರ್ ಒಂದೂ ಇಲ್ಲ. ನಮ್ಮ ದೇಶದ್ದೆಂದರೆ ಡಾರ್ಜಿಲಿಂಗ್, ಸಿಕ್ಕಿಂ ಮತ್ತು ಈಶಾನ್ಯದ ಬೆಟ್ಟಗಳಲ್ಲಿರುವ ಟೈಲೊಟೋಟ್ರೈಟಾನ್ ಮಾತ್ರ. ಹಾಗಾಗಿ ಇದಕ್ಕೆ ಕನ್ನಡದಲ್ಲಿ ಹೆಸರೂ ಇಲ್ಲ, ಸಾಕಿ ಬಂದ ರೂಢಿಯೂ ಇಲ್ಲ. ಅಂಗಡಿಯವರು ಗಪ್ಪಿ, ಗೋಲ್ಡ್‌ಫಿಶ್ ಮರಿಗೆ ಹೇಳುವುದನ್ನೇ ಇದಕ್ಕೂ ಹೇಳುತ್ತಾರೆ. ಗಪ್ಪಿ ಮರಿ ಪುಡಿಯನ್ನು ಕುಕ್ಕಿ ತಿನ್ನುತ್ತದೆ. ಕಪ್ಪೆಯ ಗೊದಮೊಟ್ಟೆ ಪಾಚಿ ಕೆರೆದು ತಿನ್ನುತ್ತದೆ. ಸಾಲಮಾಂಡರ್ ಮರಿ ಹುಟ್ಟಿದ ದಿನದಿಂದಲೇ ಬೇಟೆಗಾರ. ಕಣ್ಣೆದುರು ಮಿಸುಕಾಡಿದ್ದು ಮಾತ್ರ ಅದಕ್ಕೆ ಆಹಾರ. ಅಲುಗಾಡದ ಪುಡಿ ಮೂಗಿನ ಮೇಲೆ ಬಿದ್ದರೂ ಬಾಯಿ ತೆರೆಯುವುದಿಲ್ಲ. ಮೊಟ್ಟೆಯೊಡೆದ ಮರಿ ಒಂದು ಸೆಂಟಿಮೀಟರಿನಷ್ಟಿರುತ್ತದೆ. ಹೊಟ್ಟೆಯಲ್ಲಿ ಉಳಿದ ಭಂಡಾರದ ಮೇಲೆ ಎರಡು ಮೂರು ದಿನ ಅಲ್ಲಾಡದೆ ಬಿದ್ದಿರುತ್ತದೆ. ಅದು ಮುಗಿದ ದಿನವೇ ಜೀವಂತ ಆಹಾರ ಸಿಗಬೇಕು. ನಿಮ್ಮಲ್ಲಿ ಸೊಳ್ಳೆಹುಳ ಬಿದ್ದ ಮೇಲೆ ಮರಿಗಳು ಚೇತರಿಸಿಕೊಂಡದ್ದು ಇದಕ್ಕೇ.

ಇನ್ನು ಆರನೇ ದಿನದ ಸಾವು. ಮೊಟ್ಟೆಯ ಹಳದಿ ನೀರಿನಲ್ಲಿ ಕೆಲವೇ ಗಂಟೆಗಳಲ್ಲಿ ಕೊಳೆಯತೊಡಗುತ್ತದೆ, ಆಮ್ಲಜನಕ ಹೀರಿ ಅಮೋನಿಯಾ ಬಿಡುತ್ತದೆ. ಅಮೋನಿಯಾ ಎಷ್ಟಿದೆ ಎನ್ನುವುದರಷ್ಟೇ ಮುಖ್ಯ ನೀರಿನ ಪಿಎಚ್, ಅಂದರೆ ಆಮ್ಲ-ಕ್ಷಾರದ ಅಳತೆ. ನೀರು 25 ಡಿಗ್ರಿ ಇದ್ದು ಪಿಎಚ್ 7 ಆದರೆ ಒಟ್ಟು ಅಮೋನಿಯಾದಲ್ಲಿ ವಿಷದ ರೂಪದಲ್ಲಿರುವುದು ಶೇ. 0.6ರಷ್ಟು. ಅದೇ ನೀರಿನ ಪಿಎಚ್ 8 ಆದರೆ ಶೇ. 5ಕ್ಕಿಂತ ಹೆಚ್ಚು. ನಮ್ಮ ಬಯಲುಸೀಮೆಯ ಬೋರ್‌ವೆಲ್ ನೀರು ಬಹುತೇಕ 8ರ ಹತ್ತಿರವೇ ಇರುತ್ತದೆ. ಪಿಎಚ್ ಕಡಿಮೆಯಿರುವ ನೀರಿನಲ್ಲಿ ಹೇಗೋ ತಾಳಿಕೊಳ್ಳಬಹುದಾದ ಕೊಳಕು ನಿಮ್ಮಲ್ಲಿ ಒಂದೇ ರಾತ್ರಿಗೆ ಕೊಂದದ್ದು ಆಶ್ಚರ್ಯವಲ್ಲ.

ಹಾಗಂತ ಬೋರ್‌ವೆಲ್ ನೀರು ಕೆಟ್ಟದ್ದಲ್ಲ. ಆಕ್ಸೊಲಾಟಲ್‌ಗೆ ಸ್ವಲ್ಪ ಗಡಸು ನೀರೇ ಒಗ್ಗುತ್ತದೆ. ಬರೀ ಆರ್‌ಒ ನೀರಿನಲ್ಲಿ ಲವಣಗಳೇ ಇರುವುದಿಲ್ಲ, ಚರ್ಮ ಕಿವಿರುಗಳ ಮೂಲಕ ಮೈಯ ಲವಣ ಹೊರಗೆ ಸೋರುತ್ತದೆ, ಪಿಎಚ್ ಕೂಡ ನಿಲ್ಲುವುದಿಲ್ಲ. ನೀರು ಸ್ಟೌ ಮೇಲಿನ ಪಾತ್ರೆಯಲ್ಲಿ ದಪ್ಪ ಬಿಳಿ ಪದರ ಕಟ್ಟುವಷ್ಟು ಗಡಸಾಗಿದ್ದರೆ ಮೂರು ಪಾಲು ಬೋರ್‌ವೆಲ್ಲಿಗೆ ಒಂದು ಪಾಲು ಆರ್‌ಒ ಬೆರೆಸಿ, ಸಾಕು. ನಲ್ಲಿ ನೀರು ಬಳಸುವುದಾದರೆ ಕ್ಲೋರಿನ್ ತೆಗೆಯಲೇಬೇಕು: ಅಗಲ ಬಾಯಿಯ ಬಕೆಟ್ಟಿನಲ್ಲಿ ಗಾಳಿ ಪಂಪ್ ಹಾಕಿ ಒಂದು ದಿನ ಬಿಡಿ, ಇಲ್ಲವೇ ಅಂಗಡಿಯಲ್ಲಿ ಸಿಗುವ ಆಂಟಿ ಕ್ಲೋರಿನ್ ಹನಿಯನ್ನು ಬಾಟಲಿಯ ಮೇಲಿನ ಅಳತೆಯಂತೆ ಹಾಕಿ.

ಈಗ ಆಹಾರ. ಇದನ್ನು ಸರಿಮಾಡಿದರೆ ಅರ್ಧ ಕೆಲಸ ಆದಂತೆ.

ಹೊಸ ಮರಿಗೆ ಆರ್ಟೀಮಿಯಾದಷ್ಟು (ಉಪ್ಪುನೀರಿನ ಪುಟ್ಟ ಸಿಗಡಿಯಂಥ ಜೀವಿ, ಒಣ ಮೊಟ್ಟೆಯಾಗಿ ಡಬ್ಬದಲ್ಲಿ ಸಿಗುತ್ತದೆ) ನೆಚ್ಚಬಹುದಾದದ್ದು ಇನ್ನೊಂದಿಲ್ಲ. ಕೊಳ್ಳುವಾಗ ಒಂದು ಎಚ್ಚರ: ನಮ್ಮ ಅಂಗಡಿಗಳಲ್ಲಿ ಸಿಪ್ಪೆ ತೆಗೆದ ಆರ್ಟೀಮಿಯಾವೇ ಹೆಚ್ಚು ಸಿಗುತ್ತದೆ. ಅದು ಮರಿಯಾಗುವುದಿಲ್ಲ, ಪುಡಿಯಂತೆ ತಳಕ್ಕೆ ಹೋಗುತ್ತದೆ, ನಿಮ್ಮ ಮರಿಗಳು ಅದನ್ನು ನೋಡುವುದೂ ಇಲ್ಲ. ಮರಿ ಮಾಡುವ ಮೊಟ್ಟೆಯೇ ಬೇಕು ಅಂತ ಕೇಳಿ ತನ್ನಿ. ಡಬ್ಬ ತೆರೆದ ಮೇಲೆ ಗಾಳಿಯಾಡದಂತೆ ಮುಚ್ಚಿ ಫ್ರಿಜ್ಜಿನಲ್ಲಿಡಿ, ತೇವ ತಗುಲಿದರೆ ಕೆಟ್ಟಿತು.

ಒಂದೂವರೆ ಲೀಟರ್ ನೀರಿನ ಬಾಟಲಿಯ ತಳ ಕತ್ತರಿಸಿ ತಲೆಕೆಳಗು ನಿಲ್ಲಿಸಿ. ಒಂದು ಲೀಟರ್ ನೀರಿಗೆ 25 ಗ್ರಾಂ ಕಲ್ಲುಪ್ಪು, ಒಂದು ಚಿಟಿಕೆ ಅಡುಗೆ ಸೋಡಾ, ಒಂದರಿಂದ ಎರಡು ಗ್ರಾಂ ಆರ್ಟೀಮಿಯಾ ಮೊಟ್ಟೆ. ಗಾಳಿಯ ಕೊಳವೆ ಬಾಟಲಿಯ ಮೂತಿಯ ತನಕ ಇಳಿದಿರಬೇಕು, ನೀರು ಕುದಿಯುವಂತೆ ಹೊರಳುತ್ತಿರಬೇಕು. ಮೊಟ್ಟೆ ತಳಕ್ಕೆ ಕೂತರೆ ಒಡೆಯುವುದಿಲ್ಲ. ಪಕ್ಕದಲ್ಲಿ ಒಂದು ಬಲ್ಬ್ ಉರಿಯಲಿ. ಇದಕ್ಕೆ ಬೇಕಾದದ್ದು 26ರಿಂದ 28 ಡಿಗ್ರಿ. ನಿಮ್ಮ ಮರಿಗಳನ್ನು ಕಾಡುತ್ತಿರುವ ಸೆಕೆಯೇ ಇಲ್ಲಿ ಉಪಕಾರಕ್ಕೆ ಬರುತ್ತದೆ, ಒಂದು ದಿನದೊಳಗೆ ಒಡೆಯುತ್ತವೆ. ಆಮೇಲೆ ಗಾಳಿ ನಿಲ್ಲಿಸಿ ಹತ್ತು ನಿಮಿಷ ಬಿಟ್ಟರೆ ಸಿಪ್ಪೆ ಮೇಲೆ ತೇಲಿ, ಕಿತ್ತಳೆ ಬಣ್ಣದ ಮರಿಗಳು ಕೆಳಗೆ ಸೇರುತ್ತವೆ. ಕೊಳವೆಯಲ್ಲಿ ಕೆಳಗಿನದನ್ನು ಮಾತ್ರ ಎಳೆದು ತೆಳು ಬಟ್ಟೆಯಲ್ಲಿ ಸೋಸಿ, ಸಿಹಿನೀರಿನಲ್ಲಿ ತೊಳೆದು ಹಾಕಿ. ಸಿಪ್ಪೆ ಸೇರಿಕೊಂಡರೆ ಆಕ್ಸೊಲಾಟಲ್ ಮರಿಯ ಕರುಳು ಕಟ್ಟಬಹುದು. ಒಡೆದ ಮೊದಲ ಅರ್ಧ ದಿನದೊಳಗೆ ಹಾಕಿದರೇ ಪೌಷ್ಟಿಕ. ಆಮೇಲೆ ಅವು ತಮ್ಮ ಭಂಡಾರವನ್ನು ತಾವೇ ಕರಗಿಸಿಕೊಳ್ಳುತ್ತವೆ. ಬೆಳಿಗ್ಗೆ ಸಂಜೆ ಎರಡೂ ಹೊತ್ತು ಬೇಕಾಗುವುದರಿಂದ ಎರಡು ಬಾಟಲಿ ಇಟ್ಟು, ಹನ್ನೆರಡು ಗಂಟೆಯ ಅಂತರದಲ್ಲಿ ಒಂದಾದ ಮೇಲೊಂದು ಹೂಡಬೇಕು.

ಎಷ್ಟು ಹಾಕಬೇಕು ಎನ್ನುವುದಕ್ಕೆ ಚಮಚದ ಅಳತೆ ಬೇಡ. ಮರಿಯ ಮೈ ಪಾರದರ್ಶಕ. ಅರ್ಧ ಗಂಟೆಯಲ್ಲಿ ಹೊಟ್ಟೆ ಕಿತ್ತಳೆಯಾಗಿ ಉಬ್ಬಿದರೆ ಸಾಕಾಯಿತು. ಬಿಳಿಚಿಕೊಂಡು ಚಪ್ಪಟೆಯಾಗಿದ್ದರೆ ತಿಂದಿಲ್ಲ. ಆರ್ಟೀಮಿಯಾ ಸಿಹಿನೀರಿನಲ್ಲಿ ಕೆಲವೇ ಗಂಟೆ ಬದುಕುತ್ತದೆ; ಉಳಿದದ್ದನ್ನು ತೆಗೆಯದಿದ್ದರೆ ಮತ್ತೆ ಮೊಟ್ಟೆಯ ಹಳದಿಯ ಕತೆಯೇ.

ಸೊಳ್ಳೆಹುಳ ಒಳ್ಳೆಯ ಆಹಾರವೇ. ಆದರೆ ತಿಂದು ಉಳಿದವು ಸೊಳ್ಳೆಯಾಗಿ ಹಾರುತ್ತವೆ, ಡೆಂಗಿ ಇರುವ ಊರಿನಲ್ಲಿ ಮನೆಯಲ್ಲೇ ಅದನ್ನು ಬೆಳೆಸುವುದು ನನಗೆ ಒಪ್ಪಿಗೆಯಿಲ್ಲ. ಕೆರೆಯಿಂದ ಬಲೆ ಹಾಕಿ ಹುಳ ತರುವುದಂತೂ ಬೇಡ. ಅದರ ಜೊತೆ ಏರೋಪ್ಲೇನ್ ಚಿಟ್ಟೆಯ ನೀರುಮರಿ ಒಂದು ಬಂದರೂ ಸಾಕು, ಅದು ನಿಮ್ಮ ಮರಿಗಳನ್ನು ಒಂದೊಂದಾಗಿ ಹಿಡಿದು ತಿನ್ನುತ್ತದೆ. ಟ್ಯೂಬಿಫೆಕ್ಸ್ ಹುಳ ಚರಂಡಿ ಕೆಸರಿನಲ್ಲಿ ಬೆಳೆಯುವಂಥದ್ದು, ಅದೂ ಬೇಡ. ಡ್ಯಾಫ್ನಿಯಾ ಎಂಬ ಪುಟ್ಟ ನೀರುಚಿಗಟವನ್ನು ಟಬ್ಬಿನಲ್ಲಿ ನೀವೇ ಬೆಳೆಸಿದರೆ ಬಹಳ ಅನುಕೂಲ: ಸಿಹಿನೀರಿನದ್ದಾದ್ದರಿಂದ ತಿನ್ನುವ ತನಕ ಬದುಕಿರುತ್ತದೆ, ಒಂದು ಹೊತ್ತು ತಪ್ಪಿದರೂ ಮರಿಗಳು ಹಸಿಯುವುದಿಲ್ಲ.

ಬಕೆಟ್ ಬಿಡಿ. ಆಳದಲ್ಲಿ ಮರಿ ಒಂದು ಕಡೆ, ಆಹಾರ ಇನ್ನೊಂದು ಕಡೆ ಆಗುತ್ತದೆ. ಅಗಲವಾದ, ತಳ ಕಾಣುವ ಪ್ಲಾಸ್ಟಿಕ್ ಡಬ್ಬಗಳು ಬೇಕು. ಐಸ್‌ಕ್ರೀಂ ಡಬ್ಬ, ಊಟದ ಪಾರ್ಸೆಲ್ ಡಬ್ಬ ಎಲ್ಲ ನಡೆಯುತ್ತವೆ, ಸೋಪಿನ ವಾಸನೆ ಇರಬಾರದು. ನೀರು ನಾಲ್ಕೈದು ಬೆರಳು ಆಳ ಸಾಕು. ಮರಳು, ಕಲ್ಲು ಏನೂ ಬೇಡ. ಫಿಲ್ಟರ್ ಕೂಡ ಬೇಡ, ಅದು ಮರಿಗಳನ್ನೇ ಎಳೆದುಕೊಳ್ಳುತ್ತದೆ. ಫಿಲ್ಟರಿನ ಕೆಲಸ ನಿಮ್ಮ ಕೈಯದ್ದು: ತಿಂದ ಒಂದು ಗಂಟೆಯ ನಂತರ ಸೂಜಿಯಿಲ್ಲದ 20 ಮಿ.ಲೀ. ಸಿರಿಂಜಿಗೆ ಸಣ್ಣ ಪೈಪು ಸಿಕ್ಕಿಸಿ ತಳದ ಕೊಳಕು ಎಳೆಯಿರಿ, ದಿನಕ್ಕೊಮ್ಮೆ ನೀರು ಪೂರ್ತಿ ಬದಲಿಸಿ. ಹೊಸ ನೀರು ಹಿಂದಿನ ರಾತ್ರಿಯೇ ಅದೇ ಕೋಣೆಯಲ್ಲಿ ಇಟ್ಟದ್ದಾಗಿರಲಿ. ಮೊಟ್ಟೆಯೊಡೆದ ಹೊಸದರಲ್ಲಿ ಲೀಟರಿಗೆ ಹತ್ತು ಮರಿ ಇದ್ದರೆ ನಡೆಯುತ್ತದೆ, ಎರಡು ಸೆಂಟಿಮೀಟರ್ ದಾಟಿದ ಮೇಲೆ ಲೀಟರಿಗೆ ಒಂದೇ.

ಆ ಕೋಣೆಯಲ್ಲಿ ಸೊಳ್ಳೆಬತ್ತಿ, ಪ್ಲಗ್ಗಿಗೆ ಹಾಕುವ ಸೊಳ್ಳೆ ದ್ರವ, ಜಿರಲೆ ಸ್ಪ್ರೇ ಯಾವುದೂ ಬೇಡ. ಗಾಳಿ ಪಂಪ್ ಕೋಣೆಯ ಗಾಳಿಯನ್ನೇ ನೀರಿಗೆ ತಳ್ಳುತ್ತದೆ, ಇವುಗಳ ಮೈಯೆಲ್ಲ ಹೀರುವ ಚರ್ಮ. ಸೊಳ್ಳೆಪರದೆ ಕಟ್ಟಿಕೊಳ್ಳಿ.

ಸೆಕೆಯ ವಿಷಯ. ದೊಡ್ಡ ಆಕ್ಸೊಲಾಟಲ್‌ಗೆ ಹಿತವಾದದ್ದು 16ರಿಂದ 18 ಡಿಗ್ರಿ. ಮರಿಗಳು 20ರಿಂದ 22ರಲ್ಲಿ ಚೆನ್ನಾಗಿಯೇ ತಿಂದು ಬೇಗ ಬೆಳೆಯುತ್ತವೆ. 24 ದಾಟಿತೆಂದರೆ ಅಪಾಯ: ನೀರಿನಲ್ಲಿ ಆಮ್ಲಜನಕ ಕಡಿಮೆಯಾಗುತ್ತದೆ, ಮೈಗೆ ಬೇಕಾಗುವುದು ಹೆಚ್ಚುತ್ತದೆ, ಕಚ್ಚಿದ ಗಾಯಕ್ಕೆ ಹತ್ತಿಯಂಥ ಬೂಷ್ಟು ಹತ್ತುತ್ತದೆ. ಹಾಗೆಂದು ಐಸ್ ಹಾಕುವುದು ಪರಿಹಾರವಲ್ಲ. 26ರಿಂದ ಹತ್ತು ನಿಮಿಷದಲ್ಲಿ 19ಕ್ಕೆ ಇಳಿದು, ಸಂಜೆಗೆ ಮತ್ತೆ 25ಕ್ಕೆ ಏರುವ ನೀರಿಗಿಂತ ದಿನವಿಡೀ 23ರಲ್ಲಿ ನಿಲ್ಲುವ ನೀರು ಎಷ್ಟೋ ಮೇಲು.

ಹೀಗೆ ಮಾಡಿ. ಬಟ್ಟೆ ನೆನೆಸುವ ದೊಡ್ಡ ಟಬ್ಬಿನಲ್ಲಿ ಅರ್ಧ ನೀರು ತುಂಬಿ, ಮರಿಗಳ ಡಬ್ಬಗಳನ್ನು ಅದರೊಳಗೆ ನಿಲ್ಲಿಸಿ. ಟಬ್ಬನ್ನು ಬಿಸಿಲು ತಾಗದ ಕೋಣೆಯ ನೆಲದ ಮೇಲಿಡಿ, ಮೇಜಿನ ಮೇಲೆ ಬೇಡ. ನೀರಿನ ಮೇಲೆ ಗಾಳಿ ಹಾಯುವಂತೆ ಟೇಬಲ್ ಫ್ಯಾನ್ ತಿರುಗಿಸಿ. ನಿಮ್ಮ ಮಾರ್ಚ್ ಏಪ್ರಿಲ್ಲಿನ ಒಣಹವೆಯಲ್ಲಿ ನೀರು ಆವಿಯಾಗುತ್ತ ಎರಡು ಮೂರು ಡಿಗ್ರಿ ಇಳಿಯುತ್ತದೆ. (ಮಂಗಳೂರು, ಉಡುಪಿಯ ಕಡೆಯವರಿಗೆ ಈ ಉಪಾಯ ಹೆಚ್ಚು ದಕ್ಕುವುದಿಲ್ಲ, ಅಲ್ಲಿ ಹವೆಯಲ್ಲೇ ನೀರಿದೆ.) ಮಧ್ಯಾಹ್ನ ಇನ್ನೂ ಏರಿದರೆ ಹೆಪ್ಪುಗಟ್ಟಿಸಿದ ನೀರಿನ ಬಾಟಲಿಯನ್ನು ಹೊರಗಿನ ಟಬ್ಬಿಗೆ ಹಾಕಿ, ಮರಿಗಳ ಡಬ್ಬಕ್ಕಲ್ಲ. ಆಗ ತಂಪು ನಿಧಾನಕ್ಕೆ ಒಳಗೆ ಇಳಿಯುತ್ತದೆ. ಕರೆಂಟ್ ಹೋದಾಗ ಕೈಹಿಡಿಯುವುದೂ ಇದೇ, ಫ್ರೀಜರಿನಲ್ಲಿ ಎರಡು ಬಾಟಲಿ ಯಾವಾಗಲೂ ಇರಲಿ. ಕೆಲವರು ಮರಿಗಳನ್ನೇ ಫ್ರಿಜ್ಜಿನಲ್ಲಿಡುತ್ತಾರೆ. ಐದಾರು ಡಿಗ್ರಿಯಲ್ಲಿ ಮರಿ ತಿನ್ನುವುದನ್ನೇ ನಿಲ್ಲಿಸುತ್ತದೆ.

ಕಚ್ಚಾಟಕ್ಕೆ ಬರೋಣ. ಇದು ದ್ವೇಷವಲ್ಲ, ರೋಗವೂ ಅಲ್ಲ. ಗೊದಮೊಟ್ಟೆಗೆ ಮೊದಲು ಹಿಂಗಾಲು ಮೂಡಿದರೆ ಇವಕ್ಕೆ ಮೊದಲು ಬರುವುದು ಮುಂಗಾಲು. ಆ ಪುಟ್ಟ ಕಾಲು ಅಲ್ಲಾಡಿದಾಗ ಪಕ್ಕದ ಮರಿಯ ಕಣ್ಣಿಗೆ ಅದು ಹುಳ. ಮುಂಗಾಲು ಮೂಡಿದಲ್ಲಿಂದ ನಾಲ್ಕೈದು ಸೆಂಟಿಮೀಟರ್ ಆಗುವ ತನಕ ಈ ಕಾಟ ಇದ್ದೇ ಇರುತ್ತದೆ. ಹಸಿವು, ಇಕ್ಕಟ್ಟು, ಗಾತ್ರದ ವ್ಯತ್ಯಾಸ ಮೂರೂ ಸೇರಿದರೆ ವಿಪರೀತಕ್ಕೆ ಹೋಗುತ್ತದೆ. ಒಮ್ಮೆ ಒಡಹುಟ್ಟನ್ನು ನುಂಗಿದ ಮರಿ ಇನ್ನಷ್ಟು ದೊಡ್ಡದಾಗಿ ಮತ್ತೊಂದನ್ನು ನುಂಗುತ್ತದೆ. ಆದ್ದರಿಂದ ಎರಡು ದಿನಕ್ಕೊಮ್ಮೆ ಗಾತ್ರ ನೋಡಿ ಬೇರೆ ಮಾಡಿ. ಕಾಲು ಹೋದವನ್ನು ಒಂಟಿಯಾಗಿ ಪಾರ್ಸೆಲ್ ಡಬ್ಬಕ್ಕೆ ಹಾಕಿ. ತಿನ್ನುತ್ತಿದ್ದರೆ, ನೀರು ಸ್ವಚ್ಛವಿದ್ದರೆ, ಒಂದು ತಿಂಗಳ ಆಸುಪಾಸಿನಲ್ಲಿ ಮೂಳೆ ಬೆರಳು ಸಮೇತ ಹೊಸ ಕಾಲು ಬರುತ್ತದೆ, ಕಿವಿರೂ ಚಿಗುರುತ್ತದೆ. ಅದೇ ಜಾಗವನ್ನು ಮತ್ತೆ ಮತ್ತೆ ಕಚ್ಚಿಸಿಕೊಂಡರೆ ಸೊಟ್ಟ ಕಾಲೋ ಹೆಚ್ಚಿನ ಬೆರಳೋ ಬರಬಹುದು. ಹೊಟ್ಟೆಗೆ, ತಲೆಗೆ ಗಾಯವಾದವು ಮಾತ್ರ ಸಾಮಾನ್ಯವಾಗಿ ಉಳಿಯುವುದಿಲ್ಲ.

ಇಲ್ಲಿ ಕಷ್ಟದ ಮಾತೊಂದು ಹೇಳಬೇಕು. ತೊಂಬತ್ತು ಮರಿಯನ್ನು ಮನೆಯಲ್ಲಿ ಬೆಳೆಸಲು ಆಗುವುದಿಲ್ಲ. ಒಂದೊಂದೂ ಮುಂದೆ ಒಂದಡಿ ಹತ್ತಿರ ಬೆಳೆಯುವ, ತಂಪು ನೀರು ಬೇಡುವ, ಹತ್ತು ಹದಿನೈದು ವರ್ಷ ಬದುಕಬಲ್ಲ ಪ್ರಾಣಿ. ತೊಂಬತ್ತು ಡಬ್ಬದ ನೀರು ದಿನವೂ ಬದಲಿಸುವವರು ಒಂದು ವಾರ ಮಾಡುತ್ತಾರೆ, ಎರಡನೇ ವಾರ ಬೇಸರ, ಮೂರನೇ ವಾರ ಎಲ್ಲವೂ ಒಟ್ಟಿಗೆ ಸಾಯುತ್ತವೆ. ನಿಮಗಿರುವ ದಾರಿ ಎರಡು. ಚುರುಕಾಗಿ ತಿನ್ನುವ, ನೆಟ್ಟಗೆ ಈಜುವ ಹದಿನೈದು ಇಪ್ಪತ್ತನ್ನು ಆರಿಸಿಕೊಂಡು ಬೇರೆಯಾಗಿ ಜತನ ಮಾಡುವುದು, ಉಳಿದವನ್ನು ಸಾಕಲು ಬಲ್ಲವರು ಇದ್ದರೆ ಈಗಲೇ ಮಾತಾಡಿಕೊಳ್ಳುವುದು. ಇಲ್ಲವೇ ಎಲ್ಲವನ್ನೂ ದೊಡ್ಡ ಟಬ್ಬಿನಲ್ಲಿ ಬಿಟ್ಟು ಅವೇ ಕಡಿಮೆಯಾಗಲಿ ಎನ್ನುವುದು. ಎರಡನೆಯದು ಸುಲಭ, ಆದರೆ ಉಳಿಯುವುದು ಆರೋಗ್ಯವಂತವೇ ಎಂದೇನಿಲ್ಲ, ದೊಡ್ಡ ಬಾಯಿಯದ್ದು. ಅದರ ಕಾಲು ಕಿವಿರೂ ನೆಟ್ಟಗಿರುವುದಿಲ್ಲ. ನಾನು ಮೊದಲನೆಯದನ್ನೇ ಹೇಳುತ್ತೇನೆ. ಮುಂದಿನ ಸಲ ಮೊಟ್ಟೆ ಕಂಡ ದಿನವೇ ಮೂವತ್ತು ಉಳಿಸಿಕೊಂಡು ಉಳಿದವನ್ನು ಫ್ರೀಜರಿಗೆ ಹಾಕಿ. ಒಳಗೆ ಮರಿ ರೂಪುಗೊಳ್ಳುವ ಮೊದಲು ಇದನ್ನು ಮಾಡಿದರೆ ನೋವಿನ ಪ್ರಶ್ನೆಯಿಲ್ಲ.

ಎರಡು ಎರಡೂವರೆ ಸೆಂಟಿಮೀಟರ್ ಆಗಿ ನಾಲ್ಕೂ ಕಾಲು ಬಂದ ಮೇಲೆ ವಾಸನೆ ಹಿಡಿದು ತಿನ್ನಲು ಕಲಿಯುತ್ತವೆ. ಆಗ ಕರಗಿಸಿದ ಫ್ರೋಜನ್ ಬ್ಲಡ್‌ವರ್ಮ್ (ಕೆಂಪು ನೀರುಹುಳ) ಚೂರನ್ನು ಚಿಮಟದಲ್ಲಿ ಹಿಡಿದು ಮೂತಿಯ ಮುಂದೆ ಮೆಲ್ಲಗೆ ಅಲ್ಲಾಡಿಸಿ. ಒಂದು ವಾರ ಆರ್ಟೀಮಿಯಾವನ್ನೂ ಜೊತೆಗೇ ಕೊಡುತ್ತ ಬನ್ನಿ, ಥಟ್ಟನೆ ನಿಲ್ಲಿಸಬೇಡಿ. ಮುಂದೆ ಎರೆಹುಳುವಿನ ಚೂರು ಎಲ್ಲಕ್ಕಿಂತ ಒಳ್ಳೆಯದು. ಆದರೆ ಎರೆಗೊಬ್ಬರದ ಘಟಕದಲ್ಲಿ ಸಿಗುವ ಕೆಂಪು ಪಟ್ಟೆಯ ಹುಳು ಮುಟ್ಟಿದರೆ ಹಳದಿ ರಸ ಬಿಡುತ್ತದೆ, ಅದು ಕಹಿ. ಬಾಯಿಗೆ ಹಾಕಿಕೊಂಡು ಉಗುಳಿದರೆ ಕಾಯಿಲೆ ಅಂದುಕೊಳ್ಳಬೇಡಿ. ಔಷಧಿ ಹೊಡೆಯದ ತೋಟದ ಎರೆಹುಳು ತಂದು ತೊಳೆದು ಕತ್ತರಿಸಿ ಕೊಡಿ.

ಉಪ್ಪು: ಬೂಷ್ಟು ಹಿಡಿದ ದೊಡ್ಡ ಆಕ್ಸೊಲಾಟಲ್‌ಗೆ ಅಳತೆಯ ಉಪ್ಪುನೀರಿನಲ್ಲಿ ಹತ್ತು ನಿಮಿಷದ ಸ್ನಾನ ಮಾಡಿಸುವುದುಂಟು, ಆ ಮಾತು ತಿರುಚಿಕೊಂಡು ನಿಮ್ಮ ತನಕ ಬಂದಿದೆ. ಈ ಗಾತ್ರದ ಮರಿಗೆ ಬೇಡವೇ ಬೇಡ. ಮಲಕೈಟ್ ಗ್ರೀನ್, ತಾಮ್ರ ಇರುವ ಮೀನಿನ ಔಷಧಿಗಳೂ ಬೇಡ.

ಅಯೋಡಿನ್ ಸಲಹೆಯ ಹಿಂದೆ ಒಂದು ನಿಜ ಇದೆ. 1864ರಲ್ಲಿ ಮೆಕ್ಸಿಕೊದಿಂದ ಪ್ಯಾರಿಸ್ಸಿಗೆ 34 ಆಕ್ಸೊಲಾಟಲ್ ಒಯ್ದರು. ಅಲ್ಲಿನ ಮ್ಯೂಸಿಯಂನಲ್ಲಿ ಪ್ರಾಣಿಶಾಸ್ತ್ರಜ್ಞ ಡ್ಯುಮೆರಿಲ್ ಅವರ ಕೈಗೆ ಅವುಗಳಲ್ಲಿ ಆರು ಬಂದವು, ಮರುವರ್ಷ ಅವುಗಳಿಂದ ಮೊಟ್ಟೆ, ಮರಿಗಳಾದವು, ಆ ಮರಿಗಳಲ್ಲಿ ಕೆಲವು ಕಿವಿರು ಕಳೆದುಕೊಂಡು ನೆಲದ ಸಾಲಮಾಂಡರ್ ಆದಾಗ ಎಲ್ಲರೂ ಬೆರಗಾದರು. ಈ ಬದಲಾವಣೆ ನಡೆಸುವುದು ಥೈರಾಯ್ಡ್ ಹಾರ್ಮೋನು. ಆಕ್ಸೊಲಾಟಲ್‌ನಲ್ಲಿ ಅದು ತಾನಾಗಿ ಆ ಮಟ್ಟಕ್ಕೆ ಏರುವುದಿಲ್ಲ, ಆದ್ದರಿಂದ ಜೀವಮಾನವಿಡೀ ಕಿವಿರಿನ ಮರಿರೂಪದಲ್ಲೇ ಇದ್ದು ಮೊಟ್ಟೆಯಿಡುತ್ತದೆ. ಹೊರಗಿನಿಂದ ಬಲವಂತ ಮಾಡಿದರೆ ಬಹಳಷ್ಟು ಸಾಯುತ್ತವೆ, ಬದುಕಿದವುಗಳ ಆಯುಸ್ಸೂ ಕುಗ್ಗುತ್ತದೆ. ಅದು ಪ್ರಯೋಗಾಲಯದ ಕೆಲಸ. ನ್ಯೂಟ್ ಎಂಬ ಇನ್ನೊಂದು ಬಗೆಯ ಸಾಲಮಾಂಡರಿನ ಮರಿಗಳ ಮಾತು ಬೇರೆ, ಅವು ತಾವಾಗಿಯೇ ಕಿವಿರು ಕಳೆದುಕೊಳ್ಳುತ್ತವೆ. ಹೊರದೇಶದಲ್ಲಿದ್ದು ಅವನ್ನು ಸಾಕುವ ನಮ್ಮವರು ಗಮನಿಸಿ: ಕಿವಿರು ಕುಗ್ಗುತ್ತ ಬಂದಾಗ ಏರಿ ಕೂರಲು ತೇಲುವ ಬೆಂಡಿನ ತುಂಡೋ ಪಾಚಿಯ ದಿಬ್ಬವೋ ಇರದಿದ್ದರೆ ಅವು ಮುಳುಗಿ ಸಾಯುತ್ತವೆ.

ಅಪ್ಪ ಅಮ್ಮನನ್ನು ಇವತ್ತೇ ಬೇರೆ ತೊಟ್ಟಿಗೆ ಹಾಕಿ. ಒಟ್ಟಿಗಿದ್ದರೆ ಹೆಣ್ಣು ಮತ್ತೆ ಮೊಟ್ಟೆಯಿಟ್ಟು ಬಡಕಲಾಗುತ್ತದೆ. ಕನಿಷ್ಠ ಮೂರು ತಿಂಗಳು ಬಿಡುವು ಬೇಕು. ಒಂದೇ ಅಂಗಡಿಯಿಂದ ತಂದ ಜೋಡಿ ಒಡಹುಟ್ಟಿದವೇ ಆಗಿರುವ ಸಾಧ್ಯತೆಯೂ ಇದೆ, ಹಾಗಿದ್ದರೆ ಅವುಗಳಿಂದ ಮತ್ತೆ ಮರಿ ಮಾಡಿಸದಿರುವುದೇ ಒಳ್ಳೆಯದು.

ನೀವು ಕೇಳದ ಇನ್ನೊಂದು ವಿಷಯ ಕಾನೂನು. ಅಳಿವಿನಂಚಿನ ಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದದ ಎರಡನೇ ಪಟ್ಟಿಯಲ್ಲಿ ಆಕ್ಸೊಲಾಟಲ್ ಇದೆ. ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 2022ರಲ್ಲಿ ಆದ ತಿದ್ದುಪಡಿಯಂತೆ ಇಂಥ ಪ್ರಾಣಿ ಇಟ್ಟುಕೊಂಡವರು ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ 2.0 ಪೋರ್ಟಲ್ ಮೂಲಕ ನೋಂದಾಯಿಸಬೇಕು. ಇದರ ನಿಯಮಗಳು 2024ರ ಫೆಬ್ರವರಿಯಲ್ಲಿ ಬಂದವು. ಹುಟ್ಟಿದ ಮರಿಗಳನ್ನೂ, ಇನ್ನೊಬ್ಬರಿಗೆ ಕೊಟ್ಟದ್ದನ್ನೂ ತಿಳಿಸಬೇಕು. ಮಾಡಿಸಿಲ್ಲವಾದರೆ ಜಿಲ್ಲೆಯ ಅರಣ್ಯ ಇಲಾಖೆ ಕಚೇರಿಯಲ್ಲಿ ವಿಚಾರಿಸಿ, ಆಮೇಲೆ ಮರಿ ಹಂಚಿ.

ಮರಿ ಹೆಚ್ಚಾಯಿತೆಂದು ಕೆರೆಗೆ ಬಿಡುವುದು ಮಾತ್ರ ಯಾವ ಕಾರಣಕ್ಕೂ ಬೇಡ. ಅಲ್ಲಿನ ಬಿಸಿ ನೀರಿನಲ್ಲಿ ಇವು ಉಳಿಯುವುದಿಲ್ಲ, ಆದರೆ ಮೈಮೇಲೆ ಉಭಯವಾಸಿಗಳ ಚರ್ಮಕ್ಕೆ ರೋಗ ತರುವ ಕೈಟ್ರಿಡ್ ಬೂಷ್ಟು ಇದ್ದರೆ ಅದು ನಮ್ಮ ಕಪ್ಪೆಗಳಿಗೆ ದಾಟಬಹುದು. ತೊಟ್ಟಿಯಿಂದ ತೆಗೆದ ನೀರಿಗೂ ಇದೇ ಮಾತು: ಗಿಡದ ಕುಂಡಕ್ಕೋ ಶೌಚಾಲಯಕ್ಕೋ ಸುರಿಯಿರಿ, ಕೆರೆ ಸೇರುವ ಚರಂಡಿಗಲ್ಲ.